ಭಾರದ ಬರಹ

1834ರಲ್ಲಿ ಹಾರ್ಜ್ ಪರ್ವತದ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ತಂತಿಯ ಹಗ್ಗವನ್ನು ಬಳಕೆಗೆ ತಂದ ಮೇಲೆ ಭಾರವೆತ್ತುವ ಶಕ್ತಿ ಹೆಚ್ಚಿತು. ಆದರೆ ಕೊಕ್ಕೆಗೆ ಸಿಕ್ಕಿಸಿದ್ದರ ತೂಕ ತಿಳಿಯದಿದ್ದರೆ ಹಗ್ಗದ ಬಲದಿಂದ ಪ್ರಯೋಜನವಿಲ್ಲ. ತೂಕ ಬಲ್ಲವನು ಸರಕು ಕಳುಹಿಸಿದವನು. ಅದರ ಕೆಳಗೆ ನಿಲ್ಲುವವನು ಹಮಾಲ.

1929ರ ಜಿನೀವಾ ಒಡಂಬಡಿಕೆ ಈ ಅಂತರವನ್ನು ಗುರುತಿಸಿತು. 1000 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುವ ಸರಕಿನ ಹೊರಮೈಯಲ್ಲಿ, ಹಡಗಿಗೇರುವ ಮುನ್ನವೇ, ತೂಕವನ್ನು ಸ್ಪಷ್ಟವಾಗಿ, ಅಳಿಯದಂತೆ ಗುರುತಿಸಬೇಕು. ಯಾವ ಲಿಪಿಯಲ್ಲಿ ಎಂದು ಅದು ಹೇಳಲಿಲ್ಲ. ಗುರುತಿಸುವ ಹೊಣೆ ಯಾರದೆಂಬುದನ್ನು ಆಯಾ ದೇಶದ ಕಾನೂನಿಗೆ ಬಿಟ್ಟಿತು. ವಿಶೇಷ ಸಂದರ್ಭಗಳಲ್ಲಿ ಅಂದಾಜು ತೂಕಕ್ಕೂ ಒಪ್ಪಿತು. ಭಾರತ ಇದನ್ನು 1931ರಲ್ಲಿ ಅನುಮೋದಿಸಿತು. ಭಾರೀ ಸರಕುಗಳ ಗುರುತಿನ ಪ್ರತ್ಯೇಕ ಕಾಯಿದೆ ಬಂದದ್ದು 1951ರಲ್ಲಿ.

1974ರಲ್ಲಿ ಬಾಂಬೆ ಹೈನಲ್ಲಿ ತೈಲ ದೊರೆತು ಈ ಕೆಲಸ ನಡುಗಡಲಿಗೂ ಹಬ್ಬಿದಾಗ, ಬರೆದ ಅಂಕಿಯೊಂದೇ ಸಾಲದಾಯಿತು. ವೇದಿಕೆಯ ಕ್ರೇನ್ ಸ್ಥಿರ. ಕೆಳಗಿನ ಹಡಗಿನ ಅಟ್ಟ ಅಲೆಯೊಡನೆ ಏರಿಳಿಯುತ್ತದೆ. ಹಗ್ಗ ಬಿಗಿಯುವ ಕ್ಷಣದಲ್ಲಿ ಅಟ್ಟ ಕುಸಿದರೆ ಐದು ಟನ್ನಿನ ಪೆಟ್ಟಿಗೆ ಕ್ರೇನಿಗೆ ಐದೇ ಟನ್ ಆಗಿರುವುದಿಲ್ಲ. ಕಡಲ ಕ್ರೇನಿನ ಭಾರಪಟ್ಟಿಯಲ್ಲಿ ಅಲೆಯ ಎತ್ತರವೂ ಸೇರಿರುವುದು ಇದರಿಂದಲೇ: ಅಲೆ ಏರಿದಂತೆ ಅನುಮತಿಸಿದ ತೂಕ ಇಳಿಯುತ್ತದೆ.

ಪಟ್ಟಿಯಲ್ಲಿ ಸೇರದ ಸಂಗತಿಯೂ ಉಂಟು. 2005ರ ಜುಲೈ 27ರಂದು ಗಾಯಗೊಂಡ ಅಡುಗೆಯವನೊಬ್ಬನನ್ನು ಬುಟ್ಟಿಯಲ್ಲಿ ಎತ್ತಿಸಿ ವೇದಿಕೆಗೆ ಸೇರಿಸಲು ‘ಸಮುದ್ರ ಸುರಕ್ಷಾ’ ಹಡಗು ಬಾಂಬೆ ಹೈ ಉತ್ತರಕ್ಕೆ ಬಂದಿತು. ಗಾಳಿಮರೆಯ ಬದಿಯ ಕ್ರೇನ್ ಬಳಕೆಯಲ್ಲಿರಲಿಲ್ಲ; ಗಾಳಿಗೆ ಒಡ್ಡಿದ ಬದಿಯಿಂದಲೇ ಸಮೀಪಿಸಬೇಕಾಯಿತು. ಹಡಗು ತೈಲಾನಿಲ ಕೊಳವೆಗೆ ಬಡಿಯಿತು. ಬೆಂಕಿಗೆ ವೇದಿಕೆಯೇ ಕುಸಿದು 22 ಮಂದಿ ಇಲ್ಲವಾದರು.