ಮೈಸೂರಿನ ಬೀದಿಮಾತು, ಇಂಡಿಯಾನಾದ ಪದವಿ

ಭಾಷಾಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಮನೆಯ ಕನ್ನಡದಿಂದೇನು ಪ್ರಯೋಜನವೆಂದು ಪುಣೆಯ ಕನ್ನಡಿಗರಾದ ನಾವು ಕೇಳುವುದುಂಟು. ಉತ್ತರ ನಮ್ಮೂರ ಇತಿಹಾಸದಲ್ಲೇ ಇದೆ.

1929ರಲ್ಲಿ ಮೈಸೂರಿನಲ್ಲಿ ಜನಿಸಿದ ಎ. ಕೆ. ರಾಮಾನುಜನ್ ಅವರಿಗೆ ಮನೆಮಾತು ತಮಿಳು, ಬೀದಿಮಾತು ಕನ್ನಡ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು 1958ರಲ್ಲಿ ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಡಿಪ್ಲೊಮಾ ಪಡೆದರು. ಮರುವರ್ಷ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದರು. 1963ರಲ್ಲಿ ಅವರಿಗೆ ಡಾಕ್ಟರೇಟು ತಂದಿತ್ತ ಪ್ರಬಂಧದ ವಿಷಯವು ಕನ್ನಡದ ವ್ಯಾಕರಣವೇ!

ನಮ್ಮ ಮಕ್ಕಳಿಗಾದರೋ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಅರ್ಜಿಯೊಡನೆ ಕಳುಹಿಸುವ ಉದ್ದೇಶಪತ್ರದಲ್ಲಿ ಈ ಎರಡು ಮಾತುಗಳ ಬಾಳನ್ನೇ ಅವರು ಧೈರ್ಯವಾಗಿ ಬರೆಯಲಿ. ಬರೆಯಲು ಕನ್ನಡವು ಉಳಿದಿರಬೇಕಾದರೆ, ಅದನ್ನು ಮನೆಯಲ್ಲಿ ಆಡುವ ಹೊಣೆ ನಮ್ಮದು.