ಬಸ್ಸಿಗೆ ಅಡ್ಡ ಮಲಗಿದವರು

ಬಸ್ ಲೇಟಾಯ್ತು ಅಂತ ನಾವೆಲ್ಲ ಗೊಣಗ್ತೀವಿ. ಬಂದ ಬಸ್ಸನ್ನೂ ಹತ್ತಲಾಗದವರು ಏನು ಮಾಡಬೇಕು?

1978ರ ಜುಲೈ 5ರಂದು ಅಮೆರಿಕದ ಡೆನ್ವರ್ ನಗರದಲ್ಲಿ 19 ಅಂಗವಿಕಲರು ಬಸ್ಸನ್ನೇ ತಡೆದರು. ಕೋಲ್‌ಫ್ಯಾಕ್ಸ್, ಬ್ರಾಡ್‌ವೇ ರಸ್ತೆಗಳು ಕೂಡುವಲ್ಲಿ ಗಾಲಿಕುರ್ಚಿಗಳನ್ನು ಅಡ್ಡ ನಿಲ್ಲಿಸಿದರು. ಕೆಲವರು ಕುರ್ಚಿಯಿಂದಿಳಿದು ರಸ್ತೆಯಲ್ಲೇ ಮಲಗಿಬಿಟ್ಟರು. ರಾತ್ರಿಯಿಡೀ ಕದಲಲಿಲ್ಲ.

ಇವರಲ್ಲಿ ಹೆಚ್ಚಿನವರು ಆರೈಕೆ ಕೇಂದ್ರಗಳಿಂದ ಹೊರಬಂದು ಸ್ವತಂತ್ರವಾಗಿ ಬದುಕಲು ಹೊರಟವರು. ಮನೆಯೇನೋ ಸಿಕ್ತು. ಆದರೆ ಕೆಲಸಕ್ಕೆ, ಸಿನಿಮಾಗೆ ಹೋಗೋಕೆ ಬಸ್ಸೇ ಇಲ್ಲದಿದ್ರೆ ಅದೂ ಇನ್ನೊಂದು ನಾಲ್ಕು ಗೋಡೆ ಅಷ್ಟೇ.

12 ವರ್ಷಗಳ ನಂತರ, ಸಾರ್ವಜನಿಕ ಸಾರಿಗೆಗೆ ಕೊಳ್ಳುವ ಹೊಸ ಬಸ್ಸುಗಳು ಗಾಲಿಕುರ್ಚಿ ಹತ್ತುವಂತಿರಬೇಕು ಎಂದು 1990ರ ಅಂಗವಿಕಲರ ಕಾಯ್ದೆ ಇಡೀ ಅಮೆರಿಕಕ್ಕೆ ಹೇಳಿತು. ಅವರು ಮಲಗಿದ್ದ ಜಾಗದಲ್ಲಿ ಮುಂದೆ ಆ 19 ಜನರ ನೆನಪಿಗೊಂದು ಫಲಕವೂ ಬಂತು.