ಎರಡು ಗಾಡಿಗಳ ನಡುವಿನ ಕೊಂಡಿ

ಎತ್ತಿನ ಗಾಡಿ ಕಟ್ಟಿಕೊಂಡು ದೂರದ ಊರಿಗೆ ಹೊರಡುವವರು ಮೊದಲು ನೋಡುತ್ತಿದ್ದುದು ಕಡಾಣಿಯನ್ನು. ಅಚ್ಚಿನ ತುದಿಯ ಆ ಸಣ್ಣ ಕೀಲು ಕಳಚಿದರೆ ಚಕ್ರ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಎಂಜಿನ್ನಿನ ಯುಗದಲ್ಲಿ ಅಷ್ಟೇ ಮಹತ್ವ ಪಡೆದ ಇನ್ನೊಂದು ಸಣ್ಣ ವಸ್ತುವಿದೆ. ಎಳೆಯುವ ವಾಹನಕ್ಕೂ ಅದರ ಹಿಂದೆ ಬರುವ ಗಾಡಿಗೂ ನಡುವೆ ಇರುವ ಕೊಂಡಿಯೇ ಅದು.

ಈ ಕೊಂಡಿಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಜನರನ್ನು ನೋಡಬೇಕೆಂದರೆ ಆಸ್ಟ್ರೇಲಿಯಕ್ಕೆ ಹೋಗಬೇಕು. ಅಲ್ಲಿ ಜೀಪಿನಂಥ ವಾಹನದ ಹಿಂದೆ ಡೇರೆ, ನೀರಿನ ತೊಟ್ಟಿ, ಒಲೆ, ಹಾಸಿಗೆಗಳನ್ನೆಲ್ಲ ತುಂಬಿದ ಪುಟ್ಟ ಟ್ರೇಲರ್ ಕಟ್ಟಿಕೊಂಡು ವಾರಗಟ್ಟಲೆ ಕಾಡುಮೇಡು ಸುತ್ತುವುದು ಸಾಮಾನ್ಯ. ಇದನ್ನು ಕ್ಯಾಂಪರ್ ಟ್ರೇಲರ್ ಎನ್ನುತ್ತಾರೆ. ವಾಯವ್ಯ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದ ಗಿಬ್ ರಿವರ್ ರಸ್ತೆ ಅವರ ಅಚ್ಚುಮೆಚ್ಚಿನ ಹಾದಿ. 1960ರ ದಶಕದಲ್ಲಿ ದನಗಳನ್ನು ಬಂದರಿಗೆ ಸಾಗಿಸಲು ನಿರ್ಮಿಸಿದ ಈ ರಸ್ತೆಯ ಉದ್ದ ಸುಮಾರು 660 ಕಿಲೋಮೀಟರ್. ಅದರ ಬಹುಭಾಗ ಇಂದಿಗೂ ಮಣ್ಣು ಮತ್ತು ಜಲ್ಲಿಯ ಹಾದಿಯೇ. ಚಾವಣಿಗೆ ಹೊದಿಸುವ ತಗಡಿನಂತೆ ಏರಿಳಿತದ ಗೆರೆಗಳು ಬಿದ್ದ ಆ ಹಾದಿಯಲ್ಲಿ ಜೀಪು ಒಂದು ಕಡೆ ವಾಲಿದರೆ ಟ್ರೇಲರ್ ಇನ್ನೊಂದು ಕಡೆ ವಾಲುತ್ತದೆ. ಇವೆರಡನ್ನೂ ಬಿಡದೆ ಹಿಡಿದಿರಬೇಕಾದದ್ದು ಒಂದೇ ಒಂದು ಕೊಂಡಿ. ಅದು ಗುಂಡಿನದಿರಬೇಕೋ, ಬಳೆ-ಕೊಕ್ಕೆಯದೋ, ಕೀಲಿನದೋ ಎಂಬುದೇ ಅಲ್ಲಿನವರ ಪ್ರಶ್ನೆ.

ಉತ್ತರ ತಿಳಿಯಲು ಈ ಕೊಂಡಿಗಳು ಹುಟ್ಟಿದ ನೆಲವನ್ನು ನೋಡುವುದು ಒಳ್ಳೆಯದು. ಒಂದೊಂದು ಕೊಂಡಿಯೂ ಒಂದೊಂದು ಬಗೆಯ ದಾರಿಗಾಗಿ ಹುಟ್ಟಿದ್ದು.

ಯುದ್ಧಭೂಮಿಯ ಬಳೆ

ಇವುಗಳಲ್ಲಿ ಹಳೆಯದು ಬಳೆ-ಕೊಕ್ಕೆಯ ಜೋಡಣೆ. 18 ಮತ್ತು 19ನೇ ಶತಮಾನದ ಯುರೋಪಿನ ಸೈನ್ಯಗಳಲ್ಲಿ ಫಿರಂಗಿಗೆ ಎರಡು ಚಕ್ರಗಳಷ್ಟೇ ಇರುತ್ತಿದ್ದವು. ಸಾಗಿಸುವಾಗ ಅದರ ಬಾಲದ ತುದಿಯನ್ನು ಮುಂದಿನ ಇನ್ನೊಂದು ಎರಡು ಚಕ್ರದ ಬಂಡಿಯ ಗೂಟಕ್ಕೋ ಕೊಕ್ಕೆಗೋ ಸಿಕ್ಕಿಸುತ್ತಿದ್ದರು. ಹಳ್ಳಕೊಳ್ಳ, ಉತ್ತ ಹೊಲ ಎಲ್ಲಿ ಹೋದರೂ ಸಡಿಲವಾದ ಬಳೆ ಕೊಕ್ಕೆಯೊಳಗೆ ತನಗೆ ಬೇಕಾದಂತೆ ಹೊರಳಿಕೊಳ್ಳುತ್ತಿತ್ತು. ಶತ್ರು ಎದುರಾದಾಗ ಕ್ಷಣಾರ್ಧದಲ್ಲಿ ಕಳಚಲೂಬಹುದಿತ್ತು. ಫಿರಂಗಿ ಸಾಗಣೆಯೆಂದರೆ ನಮ್ಮ ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳನ್ನು ನೆನೆಯದಿರಲಾಗದು. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದ ಈ ತಳಿಯನ್ನು 1799ರ ನಂತರ ಬ್ರಿಟಿಷರೂ ನೆಚ್ಚಿಕೊಂಡರು.

ಎತ್ತು, ಕುದುರೆಗಳ ಜಾಗಕ್ಕೆ ಮೋಟಾರು ಬಂದರೂ ಬಳೆ ಮತ್ತು ಕೊಕ್ಕೆ ಉಳಿದವು. ಅಮೆರಿಕದ ಬ್ಯಾಂಟಮ್ ಎಂಬ ಸಣ್ಣ ಕಂಪನಿ 1940ರಲ್ಲಿ ಜೀಪಿನ ಮೊದಲ ಮಾದರಿಯನ್ನು ತಯಾರಿಸಿಕೊಟ್ಟಿತು. ಆದರೆ ಜೀಪು ತಯಾರಿಕೆಯ ದೊಡ್ಡ ಗುತ್ತಿಗೆಗಳು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಬ್ಯಾಂಟಮ್ ಪಾಲಿಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಕಾಲು ಟನ್ನಿನ ಟ್ರೇಲರ್. ನೀರಿಗಿಳಿಸಿದರೆ ತೇಲುವಂತಿದ್ದ ಈ ಪುಟ್ಟ ಗಾಡಿಯ ಮೂತಿಯಲ್ಲಿದ್ದದ್ದು ಕಬ್ಬಿಣದ ಬಳೆ. ಜೀಪಿನ ಹಿಂದಿದ್ದದ್ದು ಬಾಯಿ ಮುಚ್ಚುವ ಕೊಕ್ಕೆ. ಕಾಡುಮೇಡಿನಲ್ಲಿ ಸುತ್ತುವ ಇಂದಿನ ಟ್ರೇಲರ್‌ಗಳ ಹಿರಿಯಣ್ಣ ಇದೇ ಎನ್ನಬಹುದು.

ಬಳೆ-ಕೊಕ್ಕೆ ಗಟ್ಟಿ, ಯಾವ ಕೋನಕ್ಕೂ ಒಗ್ಗುತ್ತದೆ. ಅದರ ದೋಷವೂ ಅದರ ಸಡಿಲತೆಯೇ. ಹೊರಡುವಾಗೊಮ್ಮೆ, ನಿಲ್ಲುವಾಗೊಮ್ಮೆ ಟ್ರೇಲರ್ ಹಿಂದಿನಿಂದ ಗುದ್ದುತ್ತದೆ. ದಾರಿಯುದ್ದಕ್ಕೂ ಖಡಖಡ ಸದ್ದು.

ನುಣುಪು ರಸ್ತೆಯ ಗುಂಡು

ಡಾಂಬರು ರಸ್ತೆ ಬಂದು, ಕಾರಿನ ಹಿಂದೆ ಮನೆಯಂಥ ಗಾಡಿ ಕಟ್ಟಿಕೊಂಡು ರಜೆಗೆ ಹೋಗುವ ಪದ್ಧತಿ ಬೆಳೆದಾಗ ಈ ಸದ್ದು, ಗುದ್ದು ಯಾರಿಗೂ ಬೇಡವಾಯಿತು. ಆಗ ಬಳಕೆಗೆ ಬಂದದ್ದು ಗುಂಡಿನ ಕೊಂಡಿ. ಕಾರಿನ ಹಿಂದೆ ಒಂದು ಉಕ್ಕಿನ ಗುಂಡು, ಅದರ ಮೇಲೆ ಟೋಪಿಯಂತೆ ಕೂರುವ ಟ್ರೇಲರಿನ ಬಟ್ಟಲು. ಆಸ್ಟ್ರೇಲಿಯದಲ್ಲಿ 50 ಮಿಲಿಮೀಟರ್ ಗುಂಡಿನಿಂದ 3.5 ಟನ್‌ವರೆಗಿನ ಟ್ರೇಲರ್ ಎಳೆಯಬಹುದು. ಅಗ್ಗ, ಸರಳ, ಸದ್ದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರ ಟ್ರೇಲರನ್ನು ಯಾರ ಕಾರಿಗಾದರೂ ಕಟ್ಟಬಹುದು.

ಆದರೆ ಗುಂಡು ಹುಟ್ಟಿದ್ದು ನುಣುಪು ರಸ್ತೆಗಾಗಿ. ಬಟ್ಟಲು ಗುಂಡಿನ ಮೇಲೆ ಎಡಕ್ಕೆ ಬಲಕ್ಕೆ ಧಾರಾಳವಾಗಿ ತಿರುಗುತ್ತದೆ, ಮೇಲೆ ಕೆಳಗೆ ಒಂದಿಷ್ಟು ಬಾಗುತ್ತದೆ. ಮಗ್ಗುಲಿಗೆ ಹೊರಳುವುದಕ್ಕೆ ಮಾತ್ರ ಅದರಲ್ಲಿ ಎಡೆ ಕಡಿಮೆ. ಆಳವಾದ ಹಳ್ಳದಲ್ಲಿ ಜೀಪೂ ಟ್ರೇಲರೂ ವಿರುದ್ಧ ದಿಕ್ಕಿಗೆ ವಾಲಿದರೆ ಗುಂಡಿನ ಕುತ್ತಿಗೆಯ ಮೇಲೆ ತಿರುಚುವ ಬಲ ಬೀಳುತ್ತದೆ. ಟ್ರೇಲರ್ ಮಗುಚಿದರೆ ಕೊಂಡಿ ಮುರಿಯಬಹುದು, ಇಲ್ಲವೇ ಜೀಪನ್ನೂ ಅದು ತನ್ನೊಂದಿಗೆ ಎಳೆಯಬಹುದು.

ಈ ಕೊರತೆಯನ್ನು ತುಂಬಲು ಮೂರನೆಯ ಬಗೆ ಬಂತು. ಅದರ ಮೂಲತತ್ವ ಬಹಳ ಹಳೆಯದು. 16ನೇ ಶತಮಾನದ ಇಟಲಿಯ ಕಾರ್ಡಾನೊ ಮತ್ತು 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡ, ಒಂದಕ್ಕೊಂದು ಅಡ್ಡಲಾದ ಎರಡು ಕೀಲುಗಳ ಜೋಡಣೆ ಇದು. ಒಂದು ಕೀಲು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಕ್ಕೆ. ಇದಕ್ಕೆ ಪೂರ್ತಿ ಸುತ್ತುವ ಒಂದು ದಂಡವನ್ನು ಸೇರಿಸಿದರೆ ಟ್ರೇಲರ್ ಮಗುಚಿಬಿದ್ದರೂ ಜೀಪು ನಿಂತಲ್ಲೇ ನಿಂತಿರಬಹುದು. ಆಸ್ಟ್ರೇಲಿಯದ ಟ್ರೆಗ್ ಕೊಂಡಿಯಲ್ಲಿ ಲೋಹದ ಬದಲು ಪಾಲಿಯುರೆಥೇನ್ ತುಂಡೊಂದನ್ನು ನಡುವೆ ಇಟ್ಟು ಸದ್ದನ್ನೂ ಗುದ್ದನ್ನೂ ತಗ್ಗಿಸಿದ್ದಾರೆ.

ಹಾಗಾದರೆ ಕೀಲಿನ ಕೊಂಡಿಯನ್ನೇ ಆರಿಸಿಬಿಡಬಹುದಲ್ಲ ಎಂದು ಓದುಗರು ಕೇಳಬಹುದು. ಕಡಿದಾದ ಹಾದಿಗೆ ಅದು ಸರಿ. ಆದರೆ ಕೊಂಡಿಯನ್ನು ಅದು ಎಷ್ಟು ಎಳೆಯುತ್ತದೆ, ಎಷ್ಟು ಹೊರಳುತ್ತದೆ ಎಂಬುದರಿಂದಷ್ಟೇ ಅಳೆಯುವಂತಿಲ್ಲ ಎಂಬ ಪಾಠವನ್ನು ರೈಲಿನ ಚರಿತ್ರೆ ಬಲು ದುಬಾರಿ ಬೆಲೆ ತೆತ್ತು ಕಲಿಸಿದೆ.

ಬೆರಳು ನುಂಗಿದ ಕೊಂಡಿ

19ನೇ ಶತಮಾನದ ಅಮೆರಿಕದ ರೈಲುಗಳಲ್ಲಿ ಬೋಗಿಗಳನ್ನು ಕೂಡಿಸುತ್ತಿದ್ದುದು ಒಂದು ಕಬ್ಬಿಣದ ಉಂಗುರ ಮತ್ತು ಎರಡು ಗೂಟಗಳಿಂದ. ಸಮೀಪಿಸುವ ಬೋಗಿಗೂ ನಿಂತ ಬೋಗಿಗೂ ನಡುವೆ ಬ್ರೇಕ್‌ಮನ್ ಎಂಬ ಕಾರ್ಮಿಕ ನಿಂತು, ಉಂಗುರವನ್ನು ಕೈಯಿಂದ ಎತ್ತಿ ಹಿಡಿದು ಎದುರಿನ ಬೋಗಿಯ ಬಾಯಿಗೆ ತೂರಿಸಿ, ಬೋಗಿಗಳು ಕೂಡುವ ಹೊತ್ತಿಗೆ ಕೈ ಹಿಂದೆಗೆದುಕೊಂಡು ಗೂಟ ಇಳಿಸಬೇಕಿತ್ತು. ಅರೆಕ್ಷಣ ತಡವಾದರೆ ಬೆರಳು ಹೋಯಿತು. ಕಾಲು ಜಾರಿದರೆ ಪ್ರಾಣವೇ ಹೋಯಿತು. ಬೆರಳಿಲ್ಲದ ಕೈ ಆ ಕಸುಬಿನ ಗುರುತೇ ಆಗಿತ್ತು.

ವರ್ಜೀನಿಯದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಇಲೈ ಜ್ಯಾನಿ 1873ರಲ್ಲಿ ಹೊಸ ಕೊಂಡಿಯೊಂದಕ್ಕೆ ಪೇಟೆಂಟ್ ಪಡೆದ. ಎರಡು ಕೈಗಳ ಬೆರಳುಗಳನ್ನು ಮಡಚಿ ಒಂದಕ್ಕೊಂದು ಸಿಕ್ಕಿಸಿದರೆ ಹೇಗೋ ಹಾಗೆ ಎರಡು ಬೋಗಿಗಳು ತಾಗಿದೊಡನೆ ತಾವೇ ಕೂಡಿಕೊಳ್ಳುವ ಕೊಂಡಿ ಅದು. ನಡುವೆ ಮನುಷ್ಯ ನಿಲ್ಲಬೇಕಾದ ಅಗತ್ಯವಿಲ್ಲ. ಆದರೂ ಅದು ಎಲ್ಲೆಡೆ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಕೊಂಡಿ ಬದಲಿಸಲು ಹಣ ಬೇಕು. ಬೆರಳು ಕಳೆದುಕೊಂಡವನ ಬದಲಿಗೆ ಇನ್ನೊಬ್ಬ ಸಿಗುತ್ತಾನೆ. ಕಂಪನಿಗಳ ಲೆಕ್ಕಾಚಾರ ಹೀಗಿತ್ತು.

ಬ್ರೇಕ್‌ಮನ್ ಒಬ್ಬನ ಕೈ ಜಜ್ಜಿಹೋಗಿದ್ದನ್ನು ಕಣ್ಣಾರೆ ಕಂಡ ಅಯೋವಾ ರಾಜ್ಯದ ರೈತ ಲೊರೆಂಜೊ ಕಾಫಿನ್ ವರ್ಷಗಟ್ಟಲೆ ಪತ್ರಿಕೆಗಳಿಗೆ ಬರೆದು, ಸಭೆಗಳಲ್ಲಿ ಮಾತಾಡಿ ಈ ಲೆಕ್ಕಾಚಾರವನ್ನು ಪ್ರಶ್ನಿಸಿದ. ಕೊನೆಗೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ರೈಲ್ವೆ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. ಕಾರ್ಮಿಕರು ಬೋಗಿಗಳ ನಡುವೆ ಹೋಗದೆಯೇ ಕೂಡಿಸಲು, ಬಿಡಿಸಲು ಬರುವಂಥ ಕೊಂಡಿ ಇರಬೇಕೆಂಬುದು ಆ ಕಾಯಿದೆಯ ತಿರುಳು.

ನಮ್ಮ ದೇಶದ ಪ್ರಯಾಣಿಕ ಬೋಗಿಗಳಲ್ಲಿ ದಶಕಗಳ ಕಾಲ ಇದ್ದದ್ದು ತಿರುಪಿನ ಕೊಂಡಿ. ಬಫರಿನ ಕೆಳಗೆ ನುಸುಳಿ, ಎರಡು ಬೋಗಿಗಳ ನಡುವೆ ನಿಂತು ಅದನ್ನು ಬಿಗಿಯಬೇಕಿತ್ತು. 2000ದಿಂದೀಚೆಗೆ ಬಂದ ಎಲ್‌ಎಚ್‌ಬಿ ಬೋಗಿಗಳಲ್ಲಿ ತಾನಾಗಿ ಕೂಡುವ ಕೊಂಡಿಯಿದೆ. ಹಾಗೆಂದು ಅಪಾಯ ಮುಗಿದಿಲ್ಲ. 2024ರ ನವೆಂಬರ್‌ನಲ್ಲಿ ಬಿಹಾರದ ಬರೌನಿ ನಿಲ್ದಾಣದಲ್ಲಿ ಕೊಂಡಿ ಬಿಡಿಸುತ್ತಿದ್ದ ನೌಕರನೊಬ್ಬ ಎಂಜಿನ್ನಿಗೂ ಬೋಗಿಗೂ ನಡುವೆ ಸಿಲುಕಿ ಪ್ರಾಣಬಿಟ್ಟ.

ಆರಿಸುವ ಮುನ್ನ

ಈ ಚರಿತ್ರೆಯಿಂದ ಕ್ಯಾಂಪರ್ ಟ್ರೇಲರ್ ಕೊಳ್ಳುವವನು ಕಲಿಯಬೇಕಾದ್ದೇನು? ಮೊದಲನೆಯದು ತೂಕ. ಜೀಪು, ಕೊಂಡಿ, ಟ್ರೇಲರ್ ಇವುಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಎಲ್ಲದರ ಮಿತಿ. ಎರಡನೆಯದು ದಾರಿ. ಡಾಂಬರು ಮತ್ತು ಸಾಧಾರಣ ಮಣ್ಣುರಸ್ತೆಗೆ ಗುಂಡು ಸಾಕು, ಹಳ್ಳಕೊಳ್ಳಕ್ಕೆ ಕೀಲು, ಸದ್ದು ಗುದ್ದುಗಳನ್ನು ಸಹಿಸಬಲ್ಲವರಿಗೆ ಬಳೆ. ಮೂರನೆಯದು ಕೂಡಿಸುವ ಬಗೆ. ಕತ್ತಲಲ್ಲಿ, ಇಳಿಜಾರಿನಲ್ಲಿ, ಕೆಸರಿನಲ್ಲಿ ಅದನ್ನು ಕೂಡಿಸುವಾಗ ಕೈ ಎಲ್ಲಿರುತ್ತದೆ, ಮೈ ಎಲ್ಲಿರುತ್ತದೆ?

ನಾಲ್ಕನೆಯದು, ಕೊಂಡಿ ಸೋತರೆ ಮುಂದೇನು ಎಂಬುದು. ಇದನ್ನು ಆಸ್ಟ್ರೇಲಿಯದ ಕಾನೂನು ಕೊಳ್ಳುವವನ ಇಷ್ಟಕ್ಕೆ ಬಿಟ್ಟಿಲ್ಲ. 2.5 ಟನ್‌ವರೆಗಿನ ಟ್ರೇಲರಿಗೆ ಕನಿಷ್ಠ ಒಂದು, ಅದಕ್ಕೂ ಮೇಲೆ 3.5 ಟನ್‌ವರೆಗೆ ಎರಡು ಸುರಕ್ಷತಾ ಸರಪಳಿ ಇರಲೇಬೇಕು. 2 ಟನ್ ಮೀರಿದರೆ, ಟ್ರೇಲರ್ ಕಳಚಿಕೊಂಡಾಗ ತಾನಾಗಿ ಬ್ರೇಕ್ ಬೀಳುವ ವ್ಯವಸ್ಥೆಯೂ ಬೇಕು.

ಇದೆಲ್ಲ ದೂರದ ದೇಶದ ಪ್ರವಾಸಿಗರ ಚಿಂತೆ ಎನ್ನಿಸಿದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲೊಮ್ಮೆ ನಿಂತು ನೋಡಬೇಕು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಬೆಟ್ಟದಷ್ಟು ಕಬ್ಬು. ನಡುವಿನ ಕೊಂಡಿ ಎಂದರೆ ತೂತಿನಲ್ಲಿ ಇಳಿಬಿಟ್ಟ ಒಂದು ಪಿನ್ನು. ಹೊಲದಲ್ಲಿ ಟ್ರ್ಯಾಕ್ಟರ್ ಹಿಂದೆ ಹಿಂದೆ ಬರುವಾಗ ಟ್ರೇಲರಿನ ಮೂತಿಯನ್ನು ಎತ್ತಿ ಹಿಡಿದು ಒಬ್ಬ ಹುಡುಗ ನಿಂತಿರುತ್ತಾನೆ. ತೂತಿಗೆ ತೂತು ಕೂಡಿದೊಡನೆ ಪಿನ್ನು ಇಳಿಸುವುದು ಅವನ ಕೆಲಸ. 1870ರ ಅಮೆರಿಕದ ಬ್ರೇಕ್‌ಮನ್ ಮಾಡುತ್ತಿದ್ದುದು ಇದನ್ನೇ.

ಟ್ರ್ಯಾಕ್ಟರ್ ನಿಂತು ಬ್ರೇಕ್ ಬಿದ್ದ ಮೇಲಷ್ಟೇ ಆ ಹುಡುಗ ನಡುವೆ ಹೋಗುವುದು, ಮೂತಿಯನ್ನು ಅವನ ಕೈಯ ಬದಲು ಜಾಕ್ ಹೊರುವುದು, ಪಿನ್ನಿಗೆ ಕ್ಲಿಪ್ಪು, ಕೊಂಡಿಗೆ ಸರಪಳಿ ಹಾಕುವುದು: ಇವಾವುವೂ ದೊಡ್ಡ ಖರ್ಚಿನವಲ್ಲ. ಅಮೆರಿಕದ ಕಂಪನಿಗಳು ಕೊಂಡಿಯ ಬೆಲೆ ನೋಡಿದವು, ಬೆರಳಿನ ಬೆಲೆ ನೋಡಲಿಲ್ಲ. ಅವರನ್ನು ಎಚ್ಚರಿಸಲು ಒಬ್ಬ ರೈತ ಬೇಕಾಯಿತು. ನಮ್ಮಲ್ಲಿ ಟ್ರ್ಯಾಕ್ಟರಿನ ಒಡೆಯನೂ ರೈತನೇ, ಮೂತಿ ಹಿಡಿದ ಹುಡುಗನೂ ಎಷ್ಟೋ ಕಡೆ ಅವನ ಮನೆಯವನೇ.